ವಿಜ್ಞಾನದ ಹಿರಿಯರು: ಎ. ಐ. ವಿರ್ತನೆನ್

ಹಳ್ಳಿಯಲ್ಲಿ ಬೆಳೆದ ವಾಚಕರಿಗೆ ರಾಗಿಯ ಹೊಲದ ಅಕ್ಕಡಿ ಸಾಲುಗಳ ನೆನಪಿರಬಹುದು. ಅವರೆ, ತೊಗರಿ, ಅಲಸಂದೆಗಳು ಮನೆಗೆ ಕಾಳು ಕೊಡುವುದಲ್ಲದೆ ನೆಲಕ್ಕೂ ಸತ್ವ ಕೊಡುತ್ತವೆ. ಗಾಳಿಯಲ್ಲಿ ಶೇಕಡ 78 ಪಾಲು ಸಾರಜನಕವಿದ್ದರೂ ಪೈರು ಅದನ್ನು ನೇರವಾಗಿ ಉಣ್ಣಲಾರದು. ದ್ವಿದಳ ಸಸ್ಯಗಳ ಬೇರುಗಂಟುಗಳಲ್ಲಿ ಮನೆಮಾಡಿರುವ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ಒಗ್ಗುವಂತೆ ಮಾರ್ಪಡಿಸುತ್ತವೆ. ಈ ಜಮಾ-ಖರ್ಚಿನ ಗುಟ್ಟನ್ನು ಬಿಡಿಸಲು ಆಯುಷ್ಯ ಸವೆಸಿದವರಲ್ಲಿ ಫಿನ್ಲೆಂಡಿನ ಆರ್ತುರಿ ಇಲ್ಮಾರಿ ವಿರ್ತನೆನ್ ಒಬ್ಬರು.

1895ರಲ್ಲಿ ಹೆಲ್ಸಿಂಕಿಯಲ್ಲಿ ಹುಟ್ಟಿದ ಇವರು ಡಾಕ್ಟರೇಟ್ ಪಡೆದು, ವಾಲಿಯೊ ಎಂಬ ಹಾಲಿನ ಸಹಕಾರ ಸಂಸ್ಥೆಯ ಪ್ರಯೋಗಾಲಯವನ್ನು ಸೇರಿದರು. ಆ ದೇಶದಲ್ಲಿ ಚಳಿಗಾಲ ಬಲು ದೀರ್ಘ. ತಿಂಗಳುಗಟ್ಟಲೆ ಹಸುಗಳು ಕೊಟ್ಟಿಗೆಯಲ್ಲೇ ಇರಬೇಕು. ಬೇಸಗೆಯ ಹಸಿಮೇವನ್ನು ಕೂಡಿಟ್ಟರೆ ಅದು ಕೆಟ್ಟು, ಅದರ ಪ್ರೋಟೀನು ನಷ್ಟವಾಗುತ್ತಿತ್ತು. ಹಾಲಿಗೂ ಬೆಣ್ಣೆಗೂ ಧಕ್ಕೆ. ವಿರ್ತನೆನ್ ಮೇವಿಗೆ ನೀರು ಬೆರೆಸಿದ ಆಮ್ಲವನ್ನು ಹದವಾಗಿ ಚಿಮುಕಿಸಿ, ಅದರ ಹುಳಿಯನ್ನು ಪಿಎಚ್ 4ರ ಕೆಳಗೆ ತಂದರು. ಕೊಳೆಯುವುದು ನಿಂತಿತು, ಸತ್ವ ಉಳಿಯಿತು. ಅವರ ಹೆಸರಿನ ಮೂರು ಮೊದಲಕ್ಷರಗಳಿಂದ ಇದು 'ಎ.ಐ.ವಿ. ಮೇವು' ಎನಿಸಿಕೊಂಡಿತು. 1945ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವರಿಗೆ ಬಂದುದು ಮುಖ್ಯವಾಗಿ ಇದಕ್ಕಾಗಿ.

ಮೇವು ಮತ್ತು ಬೇರುಗಂಟು ಅವರಿಗೆ ಎರಡು ಬೇರೆ ವಿಷಯಗಳಾಗಿರಲಿಲ್ಲ. ಕೊಂಡ ಗೊಬ್ಬರಕ್ಕೆ ಕೈಚಾಚದೆ, ಗಾಳಿಯ ಸಾರಜನಕ ದ್ವಿದಳ ಮೇವಿಗೆ, ಮೇವಿನಿಂದ ಹಾಲಿಗೆ ಬರಬೇಕೆಂಬುದು ಅವರ ಹಂಬಲ. ಸ್ವಂತ ಜಮೀನಿನಲ್ಲೇ ಇದನ್ನು ಪರೀಕ್ಷಿಸಿ ನೋಡಿದರು. ಬೇರುಗಂಟಿನೊಳಗೆ ನಮ್ಮ ರಕ್ತದ ಬಣ್ಣದ್ರವ್ಯವನ್ನೇ ಹೋಲುವ ಕೆಂಪು ವಸ್ತುವೊಂದಿದೆ. ಅದು ಹಸಿರಾಗಿ ಮಾರ್ಪಟ್ಟಾಗ ಸಾರಜನಕ ಹಿಡಿಯುವ ಕೆಲಸವೂ ನಿಲ್ಲುತ್ತದೆಂದು ಅವರು ಕಂಡುಕೊಂಡರು.

ಆದರೆ ಅವರು ಹೇಳಿದ್ದೆಲ್ಲ ನಿಲ್ಲಲಿಲ್ಲ. ಸಾರಜನಕವು ಹೈಡ್ರಾಕ್ಸಿಲಮೀನ್ ಎಂಬ ವಸ್ತುವಿನ ಮೂಲಕ ಪ್ರೋಟೀನಿನ ದಾರಿ ಹಿಡಿಯುತ್ತದೆಂಬುದು ಅವರ ವಾದ. ಅಮೋನಿಯವೇ ಆ ದಾರಿಯ ಮೊದಲ ಮೆಟ್ಟಿಲೆಂದು ಅಮೆರಿಕದ ಬರಿಸ್, ವಿಲ್ಸನ್ ಮೊದಲಾದವರ ಸಂಶೋಧನೆ ತೋರಿಸಿತು. ನೊಬೆಲ್ ಪಡೆದವರ ಮಾತನ್ನೂ ಒರೆಗೆ ಹಚ್ಚುವುದೇ ವಿಜ್ಞಾನದ ಧರ್ಮವಲ್ಲವೆ?

ವಿರ್ತನೆನ್ ಕೈಕಟ್ಟಿ ಕೂರಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ, ಮೇವಿನಲ್ಲಿ ಪ್ರೋಟೀನಿಲ್ಲದೆ ಯೂರಿಯ, ಅಮೋನಿಯಂ ಲವಣಗಳನ್ನು ತಿಂದೂ ಹಸು ಹಾಲು ಕೊಡಬಲ್ಲುದೆಂದು ತೋರಿಸಿದರು. 1973ರಲ್ಲಿ ತೀರಿಕೊಂಡರು. ಊರಿಗೆ ಹೋದಾಗ ಅಲಸಂದೆಯ ಗಿಡವೊಂದನ್ನು ಮೆಲ್ಲಗೆ ಕಿತ್ತು, ಬೇರಿನ ಗಂಟನ್ನು ಸೀಳಿ ಮಕ್ಕಳಿಗೆ ತೋರಿಸಿರಿ. ಒಳಗೆ ಕೆಂಪಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ.