ಬೆಳ್ಳಿ ರೂಪಾಯಿಯೂ ದುಡಿಯುವವನ ಉಳಿತಾಯವೂ

2025ರ ದೀಪಾವಳಿಯಿಂದೀಚೆಗೆ ನಮ್ಮ ಕಾರ್ಯಾಲಯಕ್ಕೆ ಬಂದ ಪತ್ರಗಳಲ್ಲಿ ಒಂದೇ ಪ್ರಶ್ನೆಯು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಹಳೆಯ ಬೆಳ್ಳಿ ರೂಪಾಯಿಗಳನ್ನು ಕೊಂಡಿಟ್ಟರೆ ಲಾಭವುಂಟೇ? ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ರಾಣಿಯ ರೂಪಾಯಿಗೆ ಎಷ್ಟು ಬೆಲೆ ಬಂದೀತು? ಸರಕಾರದ ಸ್ಮಾರಕ ನಾಣ್ಯಗಳು ಮುಂದೆ ಹತ್ತರಷ್ಟಾಗುವುದು ನಿಜವೇ? ಕೇಳಿದವರಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿ ದುಡಿಯುವವರು, ಕಚೇರಿಗಳಲ್ಲಿ ಗುಮಾಸ್ತರಾಗಿರುವವರು. ಪಗಾರದಿಂದ ಊರಿಗೆ ಹಣ ಕಳುಹಿಸಿ, ಉಳಿದ ನಾಲ್ಕು ಕಾಸನ್ನು ಎಲ್ಲಿಡಬೇಕೆಂದು ಯೋಚಿಸುವವರು. ಆದ್ದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಪ್ರಶ್ನೆ ಈಗ ಏಕೆ ಎದ್ದಿತೆಂಬುದು ಎಲ್ಲರಿಗೂ ತಿಳಿದದ್ದೇ. 2024ರಲ್ಲಿ ಬೆಳ್ಳಿಯ ದರವು ಕಿಲೋಗೆ ಒಂದು ಲಕ್ಷ ರೂಪಾಯಿಯನ್ನು ದಾಟಿತು. 2025ರ ಅಕ್ಟೋಬರಿನಲ್ಲಿ ಪರದೇಶದ ಪೇಟೆಯಲ್ಲಿ ಔನ್ಸಿಗೆ 50 ಡಾಲರನ್ನು ಮೀರಿತು. ದರ ಏರುವಾಗ ಸಲಹೆಗಾರರ ಸಂಖ್ಯೆಯೂ ಏರುತ್ತದೆ. ಗಲ್ಲಾದ ಮುಂದೆ ಚಹಾ ಕುಡಿಯುವವನೂ ಬೆಳ್ಳಿಯ ಪಂಡಿತನಾಗುತ್ತಾನೆ.

ಮೊದಲು ಒಂದು ಸಂಗತಿಯನ್ನು ಹೇಳುತ್ತೇವೆ. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಸಪ್ಲೈಯರ್ ಆಗಿದ್ದ ಒಬ್ಬಾತನು 2022ರಲ್ಲಿ ನಮ್ಮನ್ನು ಕಾಣಲು ಬಂದನು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಅದರಲ್ಲಿ ನಲವತ್ತು ವಿಕ್ಟೋರಿಯಾ ರೂಪಾಯಿಗಳು. ರಸ್ತೆಬದಿಯ ವ್ಯಾಪಾರಿಯೊಬ್ಬನಿಂದ ಒಂದಕ್ಕೆ 1500ರಂತೆ ಕೊಂಡಿದ್ದನು. ಒಟ್ಟು 60,000 ರೂಪಾಯಿ. ಊರಿನ ಮನೆಯ ಮಾಡನ್ನು ಮಳೆಗಾಲಕ್ಕೆ ಮುಂಚೆ ರಿಪೇರಿ ಮಾಡಿಸಲು ನಾಲ್ಕು ವರ್ಷ ಕೂಡಿಟ್ಟ ಹಣವದು. “ಅಣ್ಣಾ, ಆರು ತಿಂಗಳಲ್ಲಿ ಎರಡರಷ್ಟಾಗ್ತದೆ ಅಂದ್ರು” ಎಂದನು. ನಾವು ಅವನನ್ನು ಕರೆದುಕೊಂಡು ಪರಿಚಯದ ಅಕ್ಕಸಾಲಿಗರ ಬಳಿಗೆ ಹೋದೆವು. ಅವರು ಒಂದೊಂದನ್ನೂ ತೂಗಿ, ಒರೆದು, ಎರಡು ಗುಡ್ಡೆ ಮಾಡಿದರು. ಇಪ್ಪತ್ತೊಂಬತ್ತು ನಾಣ್ಯಗಳು ಇತ್ತೀಚೆಗೆ ಅಚ್ಚು ಹಾಕಿದವು, ಬೆಳ್ಳಿಯು ಹೆಸರಿಗೆ ಮಾತ್ರ. ನಿಜವಾದವು ಹನ್ನೊಂದು. ಆ ಹನ್ನೊಂದಕ್ಕೆ ಅಂದಿನ ದರದಲ್ಲಿ ಸುಮಾರು 7,000 ರೂಪಾಯಿ ಬಂದೀತೆಂದು ಹೇಳಿದರು. ರಸ್ತೆಬದಿಯ ವ್ಯಾಪಾರಿ ಆ ಜಾಗದಲ್ಲಿ ಮತ್ತೆ ಕಾಣಿಸಲಿಲ್ಲ. ರಸೀದಿ ಇರಲಿಲ್ಲ. ಆ ವರ್ಷದ ಮಳೆಗಾಲವನ್ನು ಅವನ ತಾಯಿ ಸೋರುವ ಮಾಡಿನ ಕೆಳಗೆಯೇ ಕಳೆದರು.

ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತುಗಳನ್ನು ಬರೆಯುತ್ತಿದ್ದೇವೆ.

ಬೆಳ್ಳಿಯ ನಾಣ್ಯಕ್ಕೆ ಎರಡು ಬೆಲೆಗಳಿರುತ್ತವೆ. ಒಂದು, ಅದರೊಳಗಿನ ಬೆಳ್ಳಿಯ ಬೆಲೆ. ಇನ್ನೊಂದು, ಸಂಗ್ರಾಹಕರು ಅದರ ಮೇಲಿಟ್ಟ ಪ್ರೀತಿಯ ಬೆಲೆ. ಮೊದಲನೆಯದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಎರಡನೆಯದನ್ನು ತಿಳಿಯಲು ವರ್ಷಗಳ ಅಭ್ಯಾಸ ಬೇಕು. ಮಾರುವವನು ಎರಡನ್ನೂ ಬೆರೆಸಿ ಹೇಳುತ್ತಾನೆ. ಕೊಳ್ಳುವವನು ಎರಡನ್ನೂ ಬಿಡಿಸಿ ನೋಡಬೇಕು.

ಮೊದಲು ಬೆಳ್ಳಿಯ ಲೆಕ್ಕ. 1835ರಿಂದ 1939ರ ವರೆಗಿನ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಎಂದರೆ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವ ಬಂದು, 1940ರಿಂದ 1945ರ ವರೆಗಿನ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು. ತೂಕ ಅಷ್ಟೇ, ಮುಖವೂ ದೊರೆಯದೇ, ಆದರೆ ಬೆಳ್ಳಿ 5.83 ಗ್ರಾಂ ಮಾತ್ರ. 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಅದು ನಿಕ್ಕೆಲಿನದು. ಇಸವಿಯನ್ನು ಓದದೆ “ದೊರೆ ರೂಪಾಯಿ” ಎಂಬ ಹೆಸರಿಗೆ ಹಣ ಕೊಟ್ಟವರು ಮೋಸ ಹೋಗುವುದು ಇಲ್ಲಿಯೇ.

ಸ್ವತಂತ್ರ ಭಾರತದ ನಾಣ್ಯಗಳಲ್ಲಿಯೂ ಹೀಗೆಯೇ. ಗಾಂಧೀ ಶತಾಬ್ದಿಗಾಗಿ 1969ರಲ್ಲಿ ಬಂದ ಹತ್ತು ರೂಪಾಯಿಯ ನಾಣ್ಯ 15 ಗ್ರಾಂ ತೂಕದ್ದು, ನೂರಕ್ಕೆ 80 ಪಾಲು ಬೆಳ್ಳಿ, ಅಂದರೆ 12 ಗ್ರಾಂ. ಸ್ವಾತಂತ್ರ್ಯದ ರಜತೋತ್ಸವಕ್ಕೆಂದು 1972ರಲ್ಲಿ ಬಂದ ಹತ್ತು ರೂಪಾಯಿಯದು 22.5 ಗ್ರಾಂ ತೂಕ, ಅರ್ಧದಷ್ಟೇ ಬೆಳ್ಳಿ, ಅಂದರೆ 11.25 ಗ್ರಾಂ. ನೋಡುವುದಕ್ಕೆ ದೊಡ್ಡದು, ಬೆಳ್ಳಿಯಲ್ಲಿ ಚಿಕ್ಕದು. 2023ರಲ್ಲಿ ಹೊಸ ಪಾರ್ಲಿಮೆಂಟಿನ ಸ್ಮರಣೆಗೆ ಹೊರಟ 75 ರೂಪಾಯಿಯ ನಾಣ್ಯದ ತೂಕ 35 ಗ್ರಾಂ, ಬೆಳ್ಳಿ ಅರ್ಧ, ಎಂದರೆ 17.5 ಗ್ರಾಂ.

ಲೆಕ್ಕದ ಸುಲಭಕ್ಕಾಗಿ ಗ್ರಾಮಿಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ರಾಣಿಯ ರೂಪಾಯಿಯಲ್ಲಿ 1,069 ರೂಪಾಯಿಯ ಬೆಳ್ಳಿ, ಯುದ್ಧಕಾಲದ ರೂಪಾಯಿಯಲ್ಲಿ 583ರ ಬೆಳ್ಳಿ, ಗಾಂಧೀ ನಾಣ್ಯದಲ್ಲಿ 1,200ರ ಬೆಳ್ಳಿ. ನಾಣ್ಯವನ್ನು ಕೊಳ್ಳುವ ದಿನ ಪತ್ರಿಕೆಯಲ್ಲಿ ಬಂದ ನಿಜವಾದ ದರವನ್ನು ಹಿಡಿದು ಈ ಗುಣಾಕಾರವನ್ನು ಮಾಡಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕು. ಅಂಗಡಿಯವನು ಕೇಳುವ ಬೆಲೆ ಇದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಹಣವನ್ನು ನಾವು ಬೆಳ್ಳಿಗಲ್ಲ, ಅವನ ಮಾತಿಗೆ ಕೊಡುತ್ತಿದ್ದೇವೆಂದು ತಿಳಿಯಬೇಕು.

ಆ ಮಾತು ಕೆಲವೊಮ್ಮೆ ನಿಜವೂ ಆಗಿರಬಹುದು. 1939ರ ಇಸವಿಯ ರೂಪಾಯಿಯು ಅಪರೂಪದ್ದು. ಸಂಗ್ರಾಹಕರು ಅದಕ್ಕೆ ಬೆಳ್ಳಿಯ ಬೆಲೆಗಿಂತ ಬಹುಪಾಲು ಹೆಚ್ಚು ಕೊಡುತ್ತಾರೆ. 1911ರ ಐದನೆಯ ಜಾರ್ಜ್ ದೊರೆಯ ರೂಪಾಯಿಗೂ ಒಂದು ಕಥೆಯುಂಟು. ದೊರೆಯ ನಿಲುವಂಗಿಯ ಮೇಲಿನ ಆನೆಯ ಚಿತ್ರವು ಹಂದಿಯಂತೆ ಕಾಣುತ್ತದೆಂದು ಜನರು ಆಕ್ಷೇಪಿಸಿದ್ದರಿಂದ 1912ರಲ್ಲಿ ಅಚ್ಚನ್ನು ತಿದ್ದಲಾಯಿತು. ಆದ್ದರಿಂದ ಆ ಒಂದು ವರ್ಷದ ನಾಣ್ಯವನ್ನು ಬಲ್ಲವರು ಹುಡುಕುತ್ತಾರೆ. ನಮ್ಮ ನಾಡಿನ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನು ಅಚ್ಚು ಹಾಕಿಸಿದ ‘ಹೈದರಿ’ ಎಂಬ ಎರಡು ರೂಪಾಯಿಯ ನಾಣ್ಯಕ್ಕೆ ಸಂಗ್ರಾಹಕರಲ್ಲಿ ಬಲು ಗೌರವ.

ಆದರೆ ಹಳೆಯದೆಲ್ಲವೂ ಅಪರೂಪವಲ್ಲ. ಇದನ್ನು ನಮ್ಮ ಬಂಧುಗಳು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. 1862ರ ಇಸವಿಯಿರುವ ರಾಣಿಯ ರೂಪಾಯಿಯನ್ನು ಕಂಡು ನೂರೈವತ್ತು ವರ್ಷ ಮೀರಿದ ನಿಧಿಯೆಂದು ಹಿಗ್ಗುವವರಿದ್ದಾರೆ. ಆ ಕಾಲದಲ್ಲಿ ಇಸವಿಯನ್ನು ಬದಲಿಸದೆ ಅನೇಕ ವರ್ಷಗಳ ವರೆಗೆ 1862 ಎಂದೇ ಅಚ್ಚು ಹಾಕಿದರು. ಆದ್ದರಿಂದ ಅದು ಧಾರಾಳವಾಗಿ ಸಿಗುವ ನಾಣ್ಯಗಳಲ್ಲೊಂದು. ವಯಸ್ಸು ಬೆಲೆಯನ್ನು ತರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಎಷ್ಟು ಸವೆದಿದೆ, ಈ ಮೂರೇ ಬೆಲೆಯನ್ನು ತರುತ್ತವೆ.

ಇನ್ನು ಮೋಸದ ನಾಣ್ಯಗಳ ವಿಚಾರ. ಒಂದು ಮುಖದಲ್ಲಿ ರಾಮಪಟ್ಟಾಭಿಷೇಕ ಅಥವಾ ಆಂಜನೇಯ, ಇನ್ನೊಂದರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹೆಸರು ಮತ್ತು 1818ರ ಇಸವಿ, ಹೀಗಿರುವ ಅರ್ಧ ಆಣೆಯನ್ನು ಅದ್ಭುತ ಶಕ್ತಿಯುಳ್ಳದ್ದೆಂದು ಮಾರುತ್ತಾರೆ. ಕಂಪೆನಿಯು ಅಂತಹ ಅರ್ಧ ಆಣೆಯನ್ನು ಎಂದೂ ಹೊರಡಿಸಿಲ್ಲ. ಅದು ಆಮೇಲೆ ಯಾರೋ ಮಾಡಿದ ಬಿಲ್ಲೆ. ದೇವರ ಮುಖವಿದ್ದ ಮಾತ್ರಕ್ಕೆ ವ್ಯಾಪಾರಿ ದೇವರಾಗುವುದಿಲ್ಲ. ಹಾಗೆಯೇ, ಹಳೆಯ ನೋಟು ಮತ್ತು ನಾಣ್ಯಗಳಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಕಮಿಷನ್ ಅಥವಾ ತೆರಿಗೆಯೆಂದು ಸ್ವಲ್ಪ ಹಣ ಕಳುಹಿಸಿ ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳು. ರಿಸರ್ವ್ ಬ್ಯಾಂಕಿನ ಹೆಸರನ್ನೂ ಇದಕ್ಕೆ ಬಳಸಿಕೊಂಡದ್ದರಿಂದ, ತನಗೂ ಇಂತಹ ವ್ಯವಹಾರಕ್ಕೂ ಸಂಬಂಧವಿಲ್ಲ, ತಾನು ಯಾರಿಂದಲೂ ಕಮಿಷನ್ ಕೇಳುವುದಿಲ್ಲ ಎಂದು ಆ ಬ್ಯಾಂಕು 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಕೊಡಬೇಕಾದವನು ಮೊದಲು ನಮ್ಮಿಂದ ಹಣ ಕೇಳಿದರೆ ಅಲ್ಲಿಗೆ ಮಾತು ಮುಗಿಯಿತೆಂದು ತಿಳಿಯಬೇಕು.

ನಾಣ್ಯವು ನಿಜವೇ ಆಗಿದ್ದರೂ ಅದನ್ನು ಉಳಿತಾಯವೆನ್ನಲು ನಾವು ಹಿಂಜರಿಯುತ್ತೇವೆ. ಅದಕ್ಕೆ ಮೂರು ಕಾರಣಗಳಿವೆ.

ಮೊದಲನೆಯದು, ಕೊಳ್ಳುವ ಬೆಲೆ ಬೇರೆ, ಮಾರುವ ಬೆಲೆ ಬೇರೆ. ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಸೊಪ್ಪನ್ನು ಮಧ್ಯಾಹ್ನ ಅದೇ ವ್ಯಾಪಾರಿಗೆ ಹಿಂದೆ ಕೊಡಲು ಹೋಗಿ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾಣ್ಯವು ಬಾಡುವುದಿಲ್ಲವೆಂಬುದು ನಿಜ. ಆದರೆ ಮಾರಲು ಹೋದಾಗ ವ್ಯಾಪಾರಿ ತನ್ನ ಲಾಭವನ್ನು ಕಳೆದೇ ಬೆಲೆ ಹೇಳುತ್ತಾನೆ. ಅಕ್ಕಸಾಲಿಗನಾದರೋ ಸಂಗ್ರಾಹಕರ ಬೆಲೆಯನ್ನು ಕೇಳುವುದೇ ಇಲ್ಲ, ತೂಕವನ್ನಷ್ಟೇ ನೋಡುತ್ತಾನೆ.

ಎರಡನೆಯದು, ಬೆಳ್ಳಿಯ ದರವು ಏರಿದಂತೆ ಇಳಿಯುತ್ತದೆ. 1980ರ ಜನವರಿಯಲ್ಲಿ ಅಮೇರಿಕೆಯ ಹಂಟ್ ಸಹೋದರರು ಬೆಳ್ಳಿಯನ್ನು ರಾಶಿ ಹಾಕಿದ ಕಾಲದಲ್ಲಿ ದರವು ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಹೋಯಿತು. ಅದೇ ಮಾರ್ಚಿ 27ರಂದು 11 ಡಾಲರಿನ ಆಸುಪಾಸಿಗೆ ಬಿದ್ದಿತು. 2011ರಲ್ಲಿ ಮತ್ತೆ 50ರ ಸಮೀಪಕ್ಕೆ ಏರಿ, 2015ರ ಕೊನೆಗೆ 14ಕ್ಕಿಂತ ಕೆಳಗಿಳಿಯಿತು. 1980ರ ಎತ್ತರವನ್ನು ದಾಟಲು 2025ರ ವರೆಗೆ ಕಾಯಬೇಕಾಯಿತು. ಇಪ್ಪತ್ತನೆಯ ವಯಸ್ಸಿನಲ್ಲಿ ಕೊಂಡವನು ಅರುವತ್ತೈದರಲ್ಲಿ ಆ ಡಾಲರಿನ ಲೆಕ್ಕವನ್ನು ಮತ್ತೆ ಕಂಡನು. ನಮ್ಮ ರೂಪಾಯಿಯ ಬೆಲೆ ಇಳಿದದ್ದರಿಂದ ಇಲ್ಲಿಯ ಲೆಕ್ಕ ಸ್ವಲ್ಪ ಸೌಮ್ಯವಾಗಿರಬಹುದು. ಆದರೆ ಏರಿಳಿತದ ಸ್ವಭಾವ ಅದೇ.

ನಮ್ಮ ಗಾಂಧೀ ನಾಣ್ಯವನ್ನೇ ನೋಡಿರಿ. 1969ರಲ್ಲಿ ಹತ್ತು ರೂಪಾಯಿಗೆ ಸಿಕ್ಕಿದ ನಾಣ್ಯದೊಳಗಿನ ಬೆಳ್ಳಿಗೆ 2003ರ ಸುಮಾರಿನಲ್ಲಿ, ಗ್ರಾಮಿಗೆ 8 ರೂಪಾಯಿಯ ಆಸುಪಾಸಿನಲ್ಲಿದ್ದಾಗ, ನೂರು ರೂಪಾಯಿಯೂ ಬರುತ್ತಿರಲಿಲ್ಲ. ಅದೇ ಹತ್ತು ರೂಪಾಯಿಯನ್ನು ನೂರಕ್ಕೆ ಎಂಟರ ಚಕ್ರಬಡ್ಡಿಗೆ ಇಟ್ಟಿದ್ದರೆ ಆ ಮೂವತ್ತನಾಲ್ಕು ವರ್ಷಗಳಲ್ಲಿ ಸುಮಾರು 137 ಆಗುತ್ತಿತ್ತು. 2025ರ ವರೆಗೆ ಕಾದವನಿಗೆ ಮಾತ್ರ ಬೆಳ್ಳಿಯೇ ಮೇಲಾಯಿತು. ಇದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಐವತ್ತಾರು ವರ್ಷ ಕಾಯುವ ಶಕ್ತಿ ಪಗಾರದ ಮೇಲೆ ಬದುಕುವವನಿಗೆ ಎಲ್ಲಿಂದ ಬಂದೀತು? ಮಗುವಿನ ಜ್ವರವೂ ಊರಿನ ಮಾಡೂ ಬೆಳ್ಳಿಯ ದರ ಏರುವವರೆಗೆ ಕಾಯುವುದಿಲ್ಲ.

ಮೂರನೆಯದು, ನಾಣ್ಯಕ್ಕೆ ಬಡ್ಡಿಯಿಲ್ಲ, ಕಾವಲು ಬೇಕು. ಹತ್ತು ಜನ ಒಂದೇ ಕೋಣೆಯಲ್ಲಿ ಮಲಗುವ ಹೋಟೆಲಿನ ಹುಡುಗನು ತನ್ನ ಟ್ರಂಕಿನಲ್ಲಿ ಬೆಳ್ಳಿಯಿಟ್ಟು ನಿದ್ದೆಗೆಡುವುದಕ್ಕಿಂತ ಪಾಸುಪುಸ್ತಕವನ್ನಿಟ್ಟು ನೆಮ್ಮದಿಯಾಗಿರುವುದು ಲೇಸು.

ಹಾಗಾದರೆ ನಮ್ಮ ಸಲಹೆಯೇನು? ಮೊದಲು ಆರು ತಿಂಗಳ ಖರ್ಚಿಗೆ ಸಾಕಾಗುವಷ್ಟು ಹಣವು ಬ್ಯಾಂಕಿನಲ್ಲಿಯೋ ಅಂಚೆ ಕಚೇರಿಯಲ್ಲಿಯೋ ಇರಲಿ. ಪ್ರಾವಿಡೆಂಟ್ ಫಂಡಿನಲ್ಲಿ ತಮ್ಮ ಹೆಸರಿಗೆ ಹಣ ಸರಿಯಾಗಿ ಜಮೆಯಾಗುತ್ತಿದೆಯೇ ಎಂದು ಕೇಳುವ ಧೈರ್ಯವಿರಲಿ. ಅದರ ಮೇಲೆಯೂ ಬೆಳ್ಳಿ ಬೇಕೆನಿಸಿದರೆ, ರಸೀದಿ ಕೊಡುವ ಅಂಗಡಿಯಲ್ಲಿ, ಶುದ್ಧತೆಯ ಮುದ್ರೆಯಿರುವ ಬೆಳ್ಳಿಯನ್ನು ತೂಕದ ಲೆಕ್ಕದಲ್ಲಿ ಕೊಳ್ಳಿರಿ. ಕಥೆಯ ಲೆಕ್ಕದಲ್ಲಿ ಕೊಳ್ಳಬೇಡಿರಿ. ನಾಣ್ಯ ಸಂಗ್ರಹವು ಒಳ್ಳೆಯ ಹವ್ಯಾಸ. ಇತಿಹಾಸವನ್ನು ಅಂಗೈಯಲ್ಲಿ ಹಿಡಿದ ಸಂತೋಷ ಅದರಲ್ಲಿದೆ. ಫೋರ್ಟಿನಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ಆರಂಭಿಸಿದ ನಾಣ್ಯಗಳ ವಸ್ತುಸಂಗ್ರಹಾಲಯವನ್ನು ನೋಡಿದವರಿಗೆ ಅದರ ರುಚಿ ತಿಳಿದೀತು. ಆದರೆ ಹವ್ಯಾಸಕ್ಕೆ ಹಾಕುವ ಹಣ ಸಿನೆಮಾಕ್ಕೆ ಹಾಕಿದ ಹಣದಂತೆ, ಹಿಂದೆ ಬಂದರೆ ಭಾಗ್ಯ, ಬಾರದಿದ್ದರೆ ಬೇಸರವಿರಬಾರದು.

ಮನೆಯಲ್ಲಿ ಹಿರಿಯರ ಕಾಲದ ನಾಣ್ಯಗಳಿದ್ದವರಿಗೆ ಎರಡು ಮಾತು. ಹೋಟೆಲಿನ ಹಿತ್ತಾಳೆಯ ಪಾತ್ರೆಯಂತೆ ಅದನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕಬೇಡಿರಿ. ಆ ಕಪ್ಪು ಕೊಳೆಯಲ್ಲ, ಕಾಲದ ಬಣ್ಣ. ತಿಕ್ಕಿದ ನಾಣ್ಯಕ್ಕೆ ಸಂಗ್ರಾಹಕನು ಕಡಿಮೆ ಬೆಲೆ ಕೊಡುತ್ತಾನೆ. ಮಾರುವ ಮುಂಚೆ ತೂಗಿಸಿರಿ, ಅಯಸ್ಕಾಂತಕ್ಕೆ ಹಿಡಿದು ನೋಡಿರಿ. ಬೆಳ್ಳಿ ಅದಕ್ಕೆ ಅಂಟುವುದಿಲ್ಲ. ಇಸವಿಯನ್ನು ಬರೆದುಕೊಂಡು ಕನಿಷ್ಠ ಮೂವರನ್ನು ಕೇಳಿರಿ. ಊರಿನಲ್ಲಿ ಮನೆಯ ಪಾಯ ತೋಡುವಾಗ ನಾಣ್ಯಗಳು ಸಿಕ್ಕಿದರೆ ಅವು ನಿಧಿಯ ಕಾನೂನಿಗೆ ಒಳಪಡುತ್ತವೆ. ಸರಕಾರದ ಅಧಿಕಾರಿಗಳಿಗೆ ತಿಳಿಸದೆ ಮುಚ್ಚಿಟ್ಟರೆ ಅಪರಾಧವಾದೀತು.

ಕೊನೆಯದಾಗಿ ನಮ್ಮ ಸಂಘ ಸಂಸ್ಥೆಗಳ ಮುಖಂಡರಲ್ಲಿ ಒಂದು ವಿನಂತಿ. ನಮ್ಮ ಸಂಘಗಳು ಯಕ್ಷಗಾನವನ್ನು ಏರ್ಪಡಿಸುತ್ತವೆ, ವಿದ್ಯಾರ್ಥಿಗಳಿಗೆ ಪುಸ್ತಕ ಹಂಚುತ್ತವೆ. ಬಹಳ ಸಂತೋಷ. ಅದರೊಡನೆ ವರ್ಷಕ್ಕೊಂದು ಭಾನುವಾರ, ಬಲ್ಲವರೊಬ್ಬರನ್ನೂ ತಕ್ಕಡಿಯೊಂದನ್ನೂ ತಂದಿಟ್ಟು, ನಮ್ಮ ಜನರ ಹಳೆಯ ನಾಣ್ಯಗಳನ್ನು ಶುಲ್ಕವಿಲ್ಲದೆ ಪರೀಕ್ಷಿಸಿಕೊಡಬಾರದೇಕೆ? ಸಭಾಗೃಹವಿದೆ, ಬೆಂಚುಗಳಿವೆ, ಚಹಾ ಕೊಡುವವರಿಗಂತೂ ನಮ್ಮಲ್ಲಿ ಕೊರತೆಯಿಲ್ಲ. ಅಂತಹ ಒಂದು ತಕ್ಕಡಿ 2022ರಲ್ಲಿ ಇದ್ದಿದ್ದರೆ ಒಂದು ಮನೆಯ ಮಾಡು ಆ ವರ್ಷವೇ ಸರಿಯಾಗುತ್ತಿತ್ತು. ಮುಂದೆಯಾದರೂ ಇನ್ನೊಂದು ಮನೆಯು ಹಾಗೆ ಸೋರದಿರಲಿ ಎಂಬುದೇ ನಮ್ಮ ಆಶಯ.