ಸೇತುವೆ ಬಂದರೆ ಹರಿಗೋಲಿನ ಕೆಲಸ ಮುಗಿಯಿತೇ?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾಯಿತು. ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ದ್ವೀಪದಂತಾಗಿದ್ದ ತುಮರಿ ಸೀಮೆಯ ಜನರಿಗೆ ಇದು ಬಹುಕಾಲದ ಕನಸು. ಅವರ ಸಂತೋಷದಲ್ಲಿ ನಾನೂ ಭಾಗಿ. ಆದರೆ ಆ ಸುದ್ದಿ ಬಂದಾಗ ನಮ್ಮ ಕಡೆಯ ಕೆಲವರು, "ಇನ್ನು ದೋಣಿಗಳ ಕಾಲ ಮುಗಿಯಿತು ಬಿಡಿ ಮೇಷ್ಟ್ರೇ" ಎಂದರು. ಈ ಮಾತನ್ನು ನಾನು ಒಪ್ಪಲಾರೆ. ಕೊಳ್ಳೇಗಾಲ, ಹನೂರು, ಯಳಂದೂರಿನವರಾದ ನಾವಂತೂ ಒಪ್ಪಲೇಬಾರದು.

ಮೊದಲು ನಮ್ಮ ಹರಿಗೋಲನ್ನೇ ನೋಡೋಣ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಮೈಗೆ ಚರ್ಮ ಹೊದಿಸಿದರೆ ಹರಿಗೋಲು. ಚರ್ಮದ ಜಾಗಕ್ಕೆ ಕಾಲಕ್ರಮದಲ್ಲಿ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಟಾರು ಬಂದವು. ಕೆಲವೆಡೆ ಈಗ ಫೈಬರಿನದೂ ಇದೆ. ಇದಕ್ಕೆ ಮುಂಭಾಗವಿಲ್ಲ, ಹಿಂಭಾಗವಿಲ್ಲ. ನೋಡಿದವರು ಇದನ್ನು ಅನಾಗರಿಕರ ಸಾಧನವೆಂದು ತಿಳಿಯುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಗಳು ಆರ್ಕಿಮಿಡೀಸನ ತತ್ತ್ವವನ್ನು ಮರೆತಿಲ್ಲವಾದರೆ ಒಂದು ಲೆಕ್ಕ ಮಾಡಲಿ. ಮೂರು ಮೀಟರ್ ಅಡ್ಡಳತೆಯ, ತಳ ಚಪ್ಪಟೆಯಾದ ಒಂದು ಹರಿಗೋಲು ನೀರಿನಲ್ಲಿ ಹತ್ತೇ ಸೆಂಟಿಮೀಟರ್ ಮುಳುಗಿತೆನ್ನಿ. ಅದು ಪಕ್ಕಕ್ಕೆ ತಳ್ಳುವ ನೀರು ಸುಮಾರು 700 ಲೀಟರ್. ಎಂದರೆ ತನ್ನ ತೂಕವೂ ಸೇರಿ 700 ಕಿಲೋ ಭಾರವನ್ನು ಗೇಣುದ್ದಕ್ಕಿಂತ ಕಡಿಮೆ ಆಳದಲ್ಲಿ ತೇಲಿಸಬಲ್ಲದು. ಬಂಡೆಗಳ ನಡುವೆ ಹರಿಯುವ ನಮ್ಮ ಕಾವೇರಿಯಲ್ಲಿ ಆಳವಾದ ತಳದ ದೋಣಿ ಒಡೆದುಹೋಗುತ್ತದೆ. ಹರಿಗೋಲು ಬಂಡೆಗೆ ತಾಗಿದರೆ ಬಳುಕುತ್ತದೆ, ಜಾರಿ ಮುಂದೆ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಂಬಿಗ ಅದನ್ನು ತಲೆಯ ಮೇಲೆ ಹೊತ್ತು ದಡಕ್ಕೆ ತಂದು ಬೋರಲು ಹಾಕುತ್ತಾನೆ.

ಇದರ ವಂಶವೂ ದೊಡ್ಡದು. ಬ್ಯಾಬಿಲೋನಿಗೆ ಸರಕು ತರುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ವರ್ಣಿಸಿದ್ದಾನೆ. ಅವುಗಳಲ್ಲಿ ಸರಕಿನ ಜೊತೆ ಒಂದು ಕತ್ತೆಯೂ ಬರುತ್ತಿತ್ತಂತೆ. ಊರು ಮುಟ್ಟಿದ ಮೇಲೆ ಚೌಕಟ್ಟನ್ನು ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಹಿಂದಿರುಗುತ್ತಿದ್ದರು. ಏಕೆಂದರೆ ಪ್ರವಾಹಕ್ಕೆ ಎದುರಾಗಿ ಅದು ಸಾಗದು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಹದಿನೈದು ಇಪ್ಪತ್ತು ಜನರನ್ನು ಹೊರುವ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುವ ಹರಿಗೋಲುಗಳನ್ನು ಕಂಡು ಬರೆದಿದ್ದಾನೆ. ಎಂದರೆ ಜನಕ್ಕೂ ಸರಕಿಗೂ ಒಂದೇ ನೌಕೆ ಎಂಬ ವಿಚಾರ ನಮ್ಮ ನದಿಗಳಿಗೆ ಹೊಸದಲ್ಲ.

ಶರಾವತಿಯ ಲಾಂಚು ಅದೇ ವಿಚಾರದ ಯಂತ್ರರೂಪ. ಬಸ್ಸು, ಜೀಪು ನೇರವಾಗಿ ಹತ್ತುವಂತೆ ಬಯಲಾದ ಅಟ್ಟ, ಪಕ್ಕದಲ್ಲಿ ಜನ. ನಿಂತ ನೀರಿಗೆ ಅದು ಹೇಳಿ ಮಾಡಿಸಿದ್ದು. ಆದರೆ 2023ರ ಜೂನ್‌ನಲ್ಲಿ ಹಿನ್ನೀರು ಇಳಿದಾಗ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ಕೇರಳದ ವೈಕಂನಲ್ಲಿ 2017ರಿಂದ 75 ಜನರನ್ನು ಹೊರುವ 'ಆದಿತ್ಯ' ಎಂಬ ಸೌರದೋಣಿ ಓಡುತ್ತಿದೆ. ಡೀಸೆಲ್ಲಿನ ಹೊಗೆಯಿಲ್ಲ, ಸದ್ದಿಲ್ಲ. ಹಾಗೆಂದು ಅದನ್ನು ತಂದು ಶಿವನಸಮುದ್ರದ ಬಂಡೆಗಳ ನಡುವೆ ಬಿಡಲಾದೀತೇ? ನೌಕೆಯ ವಿನ್ಯಾಸವನ್ನು ನಿರ್ಧರಿಸುವುದು ನೀರೇ ಹೊರತು ಕಚೇರಿಯ ಕಡತವಲ್ಲ. ನನ್ನ ವಾದದ ತಿರುಳು ಇದು.

ನಮ್ಮ ನೀರು ಎಂಥದು? ಬೇಸಿಗೆಯಲ್ಲಿ ಬಂಡೆಗಳು ಕಾಣುವಷ್ಟು ಇಳಿಯುತ್ತದೆ. ಕೃಷ್ಣರಾಜಸಾಗರ, ಕಬಿನಿ ಎರಡರಿಂದಲೂ ನೀರು ಬಿಟ್ಟರೆ ದಿನ ಕಳೆಯುವಷ್ಟರಲ್ಲಿ ಹೊಲಗಳ ಮೇಲೆ ಏರುತ್ತದೆ. 2018 ಮತ್ತು 2019ರಲ್ಲಿ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಎಡಕುರಿಯ ಮೊದಲಾದ ಊರುಗಳ ಪಾಡೇನಾಯಿತೆಂಬುದು ನಿಮಗೆ ಗೊತ್ತು. 2022ರ ಮಳೆಗಾಲದಲ್ಲಿ ಸುವರ್ಣಾವತಿ ಯಳಂದೂರು ತಾಲ್ಲೂಕಿನ ಗದ್ದೆಗಳಿಗೆ ನುಗ್ಗಿತು. ಸೇತುವೆ ಇದ್ದರೆ ಸಾಕೆನ್ನುವವರು ಇನ್ನೊಂದನ್ನೂ ನೆನೆಯಲಿ. 19ನೆಯ ಶತಮಾನದ ಮೊದಲರ್ಧದಲ್ಲಿ ರಾಮಸ್ವಾಮಿ ಮೊದಲಿಯಾರರು ಕಲ್ಲುಕಂಬಗಳ ಮೇಲೆ ಕಟ್ಟಿಸಿದ ಶಿವನಸಮುದ್ರದ ವೆಸ್ಲಿ ಸೇತುವೆಯ ಒಂದು ಭಾಗವನ್ನೇ 2018ರ ಪ್ರವಾಹ ಕೊಚ್ಚಿಕೊಂಡು ಹೋಯಿತು. ಸೇತುವೆ ಇರುವುದು ಒಂದು ಕಡೆ; ನೀರು ನುಗ್ಗುವುದು ಹತ್ತು ಕಡೆ.

ಹಾಗೆಂದು ಹರಿಗೋಲನ್ನು ಹೊಗಳಿ ಕೈ ತೊಳೆದುಕೊಳ್ಳುವವನು ನಾನಲ್ಲ. ಅದರ ದೋಷಗಳೂ ಸ್ಪಷ್ಟ. ಅಂಚು ತಗ್ಗು, ಒಬ್ಬ ಎದ್ದು ನಿಂತರೂ ವಾಲುತ್ತದೆ, ಸೆಳವು ಹೆಚ್ಚಾದರೆ ಹುಟ್ಟಿಗೆ ಬಗ್ಗದೆ ಗಿರಗಿರನೆ ತಿರುಗುತ್ತದೆ. ಗೋಪಿನಾಥಂ ಆಚೆ, ಹೊಗೇನಕಲ್ಲಿನ ಕಡೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಪ್ರತಿಯೊಂದು ಹರಿಗೋಲಿನ ಹೊರಮೈಗೂ ಒಂದು ಕೆಂಪು ಗೆರೆ ಇರಬೇಕೆಂಬುದು ನನ್ನ ಅಭಿಪ್ರಾಯ. ಗೆರೆ ಮುಳುಗಿದರೆ ಮತ್ತೊಬ್ಬನನ್ನು ಹತ್ತಿಸಕೂಡದು. ಸಮುದ್ರದ ಹಡಗುಗಳಿಗೆ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಇಂಥ ಗೆರೆಯನ್ನು ಶಾಸನವಾಗಿಸಿದ. ನಮ್ಮ ಬುಟ್ಟಿದೋಣಿಗೆ ಬೇಕಾದ ಖರ್ಚು ಒಂದು ಡಬ್ಬಿ ಬಣ್ಣದ್ದು. ಕೂತವರೆಲ್ಲರಿಗೂ ತೇಲುವ ಜಾಕೆಟ್ಟು ಇರಲೇಬೇಕು. ಅದನ್ನು ತೊಡದೆ ಫೋಟೋ ತೆಗೆಸಿಕೊಳ್ಳುವ ಚಪಲವನ್ನು ನಮ್ಮವರು ಬಿಡಬೇಕು.

ಎರಡನೆಯದಾಗಿ, ಪ್ರವಾಹ ಬಂದ ಮೇಲೆ ದೂರದಿಂದ ದೋಣಿ ತರಿಸುವ ಬದಲು, ಚಪ್ಪಟೆ ತಳದ, ಎತ್ತರದ ಅಂಚಿನ, ಮೋಟಾರು ಕೂಡಿಸಬಹುದಾದ ಒಂದೆರಡು ಹಗುರ ದೋಣಿಗಳು ಮುಂಗಾರಿಗೆ ಮುಂಚೆಯೇ ನದಿದಂಡೆಯ ಊರುಗಳಲ್ಲಿರಲಿ. ಹತ್ತು ಜನ ಕೂರುವಂತಿರಬೇಕು. ಜನ ಇಳಿದ ಮೇಲೆ ಒಂದು ಹಸುವನ್ನೋ ಹತ್ತು ಮೂಟೆ ರಾಗಿಯನ್ನೋ ಹೇರುವಂತಿರಬೇಕು. ಹಸುವನ್ನು ಬಿಟ್ಟು ಬರಲಾರದೆ ಮನೆಯಲ್ಲೇ ಉಳಿಯುವ ರೈತನ ಸಂಕಟ ತಿಳಿದವರು ಮಾತ್ರ ಅಂಥ ದೋಣಿಯನ್ನು ರೂಪಿಸಬಲ್ಲರು. ಅದನ್ನು ನಡೆಸುವವರು ಸುಳಿ ಎಲ್ಲಿದೆ, ಬಂಡೆ ಎಲ್ಲಿದೆ ಎಂದು ಬಲ್ಲ ನಮ್ಮ ಅಂಬಿಗರೇ ಆಗಲಿ. ಅವರ ಹೆಸರು ಪಂಚಾಯಿತಿಯ ಪುಸ್ತಕದಲ್ಲಿರಲಿ, ಮಳೆಗಾಲದ ತಿಂಗಳುಗಳಿಗೆ ಸಂಬಳವೂ ಸಿಗಲಿ. ಆಪತ್ತಿನಲ್ಲಿ ಕರೆದು ಆಮೇಲೆ ಮರೆಯುವುದು ನ್ಯಾಯವಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಎಂಜಿನಿಯರುಗಳಿದ್ದೀರಿ, ಪಂಚಾಯಿತಿ ಸದಸ್ಯರಿದ್ದೀರಿ, ಗುಮಾಸ್ತರಿದ್ದೀರಿ. ಹೊಳೆದಂಡೆಯ ಮನೆಗಳಿಂದ ಬಂದವರೂ ಇದ್ದೀರಿ. ಒಬ್ಬರು ನಕ್ಷೆ ಬರೆಯಿರಿ, ಒಬ್ಬರು ಅರ್ಜಿ ಬರೆಯಿರಿ, ಒಬ್ಬರು ಅಂಬಿಗರನ್ನು ಕೂರಿಸಿಕೊಂಡು ಕೇಳಿ ತಿಳಿಯಿರಿ. ಮುಂದಿನ ಜುಲೈ ದೂರವಿಲ್ಲ.