ಗೆದ್ದು ಸೋತ ರೋಮ್

ಇಟಲಿಯ ಟೈಬರ್ ನದಿಯ ದಂಡೆಯ ಗುಡ್ಡಗಳ ಮೇಲೆ ಹುಟ್ಟಿದ ರೋಮ್ ಮೊದಲಿಗೆ ಕುರುಬರೂ ಬೇಸಾಯಗಾರರೂ ನೆಲೆಸಿದ್ದ ಒಂದು ಸಣ್ಣ ಊರು. ಅದೇ ಊರು ಕೆಲವು ಶತಮಾನಗಳಲ್ಲಿ ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳನ್ನೆಲ್ಲ ತನ್ನ ಅಂಕೆಗೆ ತಂದುಕೊಂಡಿತು. ಈ ಬೆಳವಣಿಗೆಯನ್ನು ವರ್ಣಿಸುವಾಗ ಸೇನಾಪತಿಗಳ ಶೌರ್ಯವನ್ನೂ ದಂಡಯಾತ್ರೆಗಳ ವೈಭವವನ್ನೂ ಕೊಂಡಾಡುವುದು ವಾಡಿಕೆ. ಆದರೆ ರೋಮಿನ ಇತಿಹಾಸ ಕಲಿಸುವ ಪಾಠ ಅದಕ್ಕಿಂತ ಗಂಭೀರವಾದುದು. ಹೊರಗಿನ ಯಾವ ಶತ್ರುವೂ ಅಳಿಸಲಾರದೆ ಹೋದ ಗಣರಾಜ್ಯವನ್ನು ಅದರ ವಿಜಯಗಳೇ ಅಳಿಸಿದವು.

ಸಂಪ್ರದಾಯದ ಪ್ರಕಾರ ಕ್ರಿ.ಪೂ. 509ರಲ್ಲಿ ರೋಮನರು ತಮ್ಮ ಅರಸನನ್ನು ಹೊರದೂಡಿ ಗಣರಾಜ್ಯವನ್ನು ಸ್ಥಾಪಿಸಿದರು. ಅಧಿಕಾರವು ಒಬ್ಬನ ಕೈಯಲ್ಲಿ ನೆಲೆಗೊಳ್ಳಬಾರದೆಂಬುದೇ ಅವರ ಆಡಳಿತದ ತಳಹದಿ. ಅರಸನ ಸ್ಥಾನಕ್ಕೆ ಇಬ್ಬರು ಕಾನ್ಸಲರು ಬಂದರು. ಅವರ ಅಧಿಕಾರದ ಅವಧಿ ಒಂದೇ ವರ್ಷ; ಒಬ್ಬನ ಆಜ್ಞೆಯನ್ನು ಮತ್ತೊಬ್ಬನು ತಡೆಯಬಹುದಾಗಿತ್ತು. ಅನುಭವಿಗಳಾದ ಹಿರಿಯರ ಸೆನೆಟ್ ಸಭೆ ಸಲಹೆ ನೀಡುತ್ತಿತ್ತು; ಶಾಸನಗಳನ್ನು ನಾಗರಿಕರ ಸಭೆಗಳು ಅಂಗೀಕರಿಸುತ್ತಿದ್ದವು. ಕುಲೀನರಾದ ಪೆಟ್ರೀಷಿಯನರೊಡನೆ ದೀರ್ಘಕಾಲ ಹೋರಾಡಿದ ಸಾಮಾನ್ಯರು, ಅಂದರೆ ಪ್ಲೆಬಿಯನರು, ತಮ್ಮ ರಕ್ಷಣೆಗಾಗಿ ಟ್ರಿಬ್ಯೂನರೆಂಬ ಪ್ರತಿನಿಧಿಗಳನ್ನು ಪಡೆದುಕೊಂಡರು. ಈ ವ್ಯವಸ್ಥೆಯಲ್ಲಿ ಸಿರಿವಂತರ ಮತಕ್ಕೆ ಹೆಚ್ಚಿನ ತೂಕವಿತ್ತು. ಸ್ತ್ರೀಯರಿಗೂ ಗುಲಾಮರಿಗೂ ಮತವೇ ಇರಲಿಲ್ಲ. ಆದರೂ ಅಧಿಕಾರಕ್ಕೆ ಕಡಿವಾಣ ಹಾಕುವ ಕಲೆಯನ್ನು ರೋಮನರು ಬಲ್ಲವರಾಗಿದ್ದರೆಂಬುದು ನಿರ್ವಿವಾದ.

ಘೋರ ವಿಪತ್ತು ಒದಗಿದಾಗ ಮಾತ್ರ ಒಬ್ಬನನ್ನು ಸರ್ವಾಧಿಕಾರಿಯನ್ನಾಗಿ ನೇಮಿಸುತ್ತಿದ್ದರು. ಅದೂ ಆರು ತಿಂಗಳಿಗೆ ಮೀರದಂತೆ. ಕ್ರಿ.ಪೂ. 458ರಲ್ಲಿ ಸಿನ್ಸಿನಾಟಸ್ ಎಂಬಾತನು ಹೊಲದಲ್ಲಿ ಉಳುತ್ತಿದ್ದಾಗ ಈ ಪದವಿಯ ಕರೆ ಬಂದಿತೆಂದೂ, ಶತ್ರುವನ್ನು ಗೆದ್ದು ಕೆಲವೇ ದಿನಗಳಲ್ಲಿ ಪದವಿಯನ್ನು ತ್ಯಜಿಸಿ ಆತ ತನ್ನ ಹೊಲಕ್ಕೆ ಹಿಂದಿರುಗಿದನೆಂದೂ ಪ್ರತೀತಿ. ಈ ಕಥೆಯಲ್ಲಿ ಕಲ್ಪನೆಯ ಅಂಶ ಎಷ್ಟೇ ಇರಲಿ, ರೋಮನರ ಆದರ್ಶ ಇದರಲ್ಲಿ ಸ್ಫುಟವಾಗಿ ಮೂಡಿದೆ.

ರೋಮಿನ ಸೇನೆಯೂ ಈ ಆದರ್ಶಕ್ಕೆ ಅನುಗುಣವಾಗಿತ್ತು. ನೇಗಿಲು ಹಿಡಿದ ಕೈಯೇ ಕತ್ತಿಯನ್ನೂ ಹಿಡಿಯುತ್ತಿತ್ತು. ಸ್ವಲ್ಪವಾದರೂ ಆಸ್ತಿಯುಳ್ಳ ನಾಗರಿಕನು ಯುದ್ಧ ಬಂದಾಗ ದಂಡಿಗೆ ಸೇರಿ, ಅದು ಮುಗಿದ ಮೇಲೆ ಮನೆಗೆ ಮರಳುತ್ತಿದ್ದನು. ಇಟಲಿಯಲ್ಲಿ ಸೋತವರನ್ನು ನಡೆಸಿಕೊಂಡ ರೀತಿಯೂ ವಿವೇಕದ್ದಾಗಿತ್ತು. ಕ್ರಿ.ಪೂ. 338ರಲ್ಲಿ ಲ್ಯಾಟಿನ್ ನಗರಗಳನ್ನು ಗೆದ್ದ ರೋಮ್, ಅವುಗಳಲ್ಲಿ ಕೆಲವಕ್ಕೆ ಪೌರತ್ವವನ್ನೂ ಉಳಿದವಕ್ಕೆ ಮಿತ್ರಸ್ಥಾನವನ್ನೂ ನೀಡಿತು. ಮಿತ್ರರಿಂದ ಅದು ಬೇಡಿದ್ದು ಕಪ್ಪವನ್ನಲ್ಲ, ಸೈನಿಕರನ್ನು. ಈ ನೀತಿಯ ಫಲ ಕಷ್ಟಕಾಲದಲ್ಲಿ ಕಾಣಿಸಿತು. ಕ್ರಿ.ಪೂ. 216ರಲ್ಲಿ ಕಾರ್ಥೇಜಿನ ಹ್ಯಾನಿಬಲನು ಕ್ಯಾನೆ ಎಂಬಲ್ಲಿ ಒಂದೇ ದಿನ 45,000ಕ್ಕೂ ಹೆಚ್ಚು ಯೋಧರನ್ನು ಸಂಹರಿಸಿದನೆಂದು ಪ್ರಾಚೀನ ಇತಿಹಾಸಕಾರರು ಬರೆದಿದ್ದಾರೆ. ದಕ್ಷಿಣದ ಅನೇಕ ಮಿತ್ರರು ಕೈಬಿಟ್ಟರೂ ಲ್ಯಾಟಿನ್ ನಗರಗಳು ಶತ್ರುವಿನ ಪಕ್ಷಕ್ಕೆ ಹೋಗಲಿಲ್ಲ. ರೋಮ್ ಚೇತರಿಸಿಕೊಂಡು ಕ್ರಿ.ಪೂ. 202ರಲ್ಲಿ ಝಾಮಾ ಕದನದಲ್ಲಿ ಹ್ಯಾನಿಬಲನನ್ನು ಸೋಲಿಸಿತು.

ಕಡಲಾಚೆಯ ವಿಜಯಗಳು ಈ ವಿವೇಕವನ್ನು ಕುಂದಿಸಿದವು. ಸಿಸಿಲಿ, ಸ್ಪೇನ್, ಮ್ಯಾಸಿಡೋನಿಯಾ, ಆಫ್ರಿಕಾಗಳು ಮಿತ್ರರಾಜ್ಯಗಳಾಗದೆ ತೆರಿಗೆ ಕೊಡುವ ಪ್ರಾಂತಗಳಾದವು. ಕ್ರಿ.ಪೂ. 146ರಲ್ಲಿ ಕಾರ್ಥೇಜ್, ಕಾರಿಂತ್ ನಗರಗಳೆರಡೂ ನೆಲಸಮವಾದವು. ಕೊಳ್ಳೆಯ ಹಣವೂ ಸೆರೆಸಿಕ್ಕ ಗುಲಾಮರೂ ಇಟಲಿಗೆ ಪ್ರವಾಹದಂತೆ ಹರಿದುಬಂದರು. ಧನಿಕರು ಭೂಮಿಯನ್ನು ಒಟ್ಟುಗೂಡಿಸಿ ಗುಲಾಮರಿಂದ ದುಡಿಸತೊಡಗಿದರು. ವರ್ಷಗಟ್ಟಲೆ ಪರದೇಶದಲ್ಲಿ ಕಾದಾಡಿದ ಅನೇಕ ರೈತರಿಗೆ ಮರಳಿ ಬಂದಾಗ ಹಾಳುಬಿದ್ದ ಹೊಲವೋ ತೀರಿಸಲಾರದ ಸಾಲವೋ ಎದುರಾಯಿತು. ಲೋಕವನ್ನು ಗೆದ್ದವನಿಗೆ ನಿಲ್ಲಲು ನೆಲವಿಲ್ಲದಂತಾಯಿತು.

ಕ್ರಿ.ಪೂ. 133ರಲ್ಲಿ ಟ್ರಿಬ್ಯೂನನಾದ ಟೈಬೀರಿಯಸ್ ಗ್ರ್ಯಾಕಸ್ ಇದಕ್ಕೆ ಪರಿಹಾರವನ್ನು ಸೂಚಿಸಿದನು. ಸಾರ್ವಜನಿಕ ಭೂಮಿಯಲ್ಲಿ ಒಬ್ಬನು ಸುಮಾರು 300 ಎಕರೆಗಿಂತ ಹೆಚ್ಚನ್ನು ಇಟ್ಟುಕೊಳ್ಳಬಾರದು, ಉಳಿದುದನ್ನು ಬಡವರಿಗೆ ಹಂಚಬೇಕೆಂಬುದು ಅವನ ಶಾಸನ. ಅಡ್ಡಬಂದ ಸಹೋದ್ಯೋಗಿಯನ್ನು ಪದಚ್ಯುತಗೊಳಿಸಿ ಅವನೂ ಸಂಪ್ರದಾಯವನ್ನು ಮುರಿದನೆಂಬುದು ನಿಜ. ಆದರೆ ಅವನ ವಿರೋಧಿಗಳು ಕೊಟ್ಟ ಉತ್ತರ ಕೊಲೆ. ಸೆನೆಟ್ ಸದಸ್ಯರೇ ಗುಂಪುಗೂಡಿ ಅವನನ್ನೂ ಅವನ ಅನೇಕ ಅನುಯಾಯಿಗಳನ್ನೂ ಬಡಿದು ಕೊಂದರು. ಕ್ರಿ.ಪೂ. 121ರಲ್ಲಿ ಅವನ ತಮ್ಮ ಗಾಯಸನಿಗೂ ಹಿಂಸೆಯ ಅಂತ್ಯವೇ ಒದಗಿತು. ಮಾತಿನಿಂದ ತೀರಬೇಕಾದ ವಿವಾದ ರಕ್ತದಿಂದ ತೀರಿದಂದೇ ಗಣರಾಜ್ಯದ ತಳಹದಿ ಬಿರಿಯಿತು.

ಕ್ರಿ.ಪೂ. 107ರಲ್ಲಿ ಮೇರಿಯಸ್ ಎಂಬ ಸೇನಾನಿ ಆಸ್ತಿಯಿಲ್ಲದವರನ್ನೂ ದಂಡಿಗೆ ಸೇರಿಸಿಕೊಂಡನು. ಇಂಥ ಸೈನಿಕರು ಕೊಳ್ಳೆಗೂ ನಿವೃತ್ತಿಯ ಬಳಿಕ ದೊರೆಯಬೇಕಾದ ಭೂಮಿಗೂ ರಾಜ್ಯದತ್ತ ನೋಡದೆ ತಮ್ಮ ಸೇನಾಪತಿಯತ್ತ ನೋಡತೊಡಗಿದರು. ಕ್ರಿ.ಪೂ. 88ರಲ್ಲಿ ಸುಲ್ಲಾ ತನ್ನ ಸೇನೆಯನ್ನು ರೋಮ್ ನಗರದ ಮೇಲೆಯೇ ನಡೆಸಿಕೊಂಡು ಬಂದನು. ಅವನ ಅಧಿಕಾರಿಗಳಲ್ಲಿ ಹೆಚ್ಚಿನವರು ಹೇಸಿ ಹಿಂದೆ ಸರಿದರು. ಸಾಮಾನ್ಯ ಸೈನಿಕರು ಸರಿಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮುಂದೆ ಅವನು ಅವಧಿಯ ಮಿತಿಯಿಲ್ಲದ ಸರ್ವಾಧಿಕಾರಿಯಾದನು. ಅವನು ಆ ಪದವಿಯನ್ನು ತ್ಯಜಿಸಿದರೂ ತೆರೆದ ದಾರಿ ಮುಚ್ಚಲಿಲ್ಲ. ಕ್ರಿ.ಪೂ. 49ರಲ್ಲಿ ಜೂಲಿಯಸ್ ಸೀಸರ್ ಸೈನ್ಯಸಮೇತ ರೂಬಿಕಾನ್ ನದಿಯನ್ನು ದಾಟಿ ಅದೇ ದಾರಿಯಲ್ಲಿ ನಡೆದನು. ಕ್ರಿ.ಪೂ. 44ರಲ್ಲಿ ಅವನ ಹತ್ಯೆಯಾದರೂ ಗಣರಾಜ್ಯ ಮರಳಲಿಲ್ಲ. ಕ್ರಿ.ಪೂ. 27ರಲ್ಲಿ ಆಗಸ್ಟಸನು ಸೆನೆಟ್, ಕಾನ್ಸಲ್ ಎಂಬ ಹೆಸರುಗಳನ್ನೆಲ್ಲ ಉಳಿಸಿಕೊಂಡು ಅಧಿಕಾರವನ್ನು ಮಾತ್ರ ತನ್ನಲ್ಲಿ ಇರಿಸಿಕೊಂಡನು.

ಸಾಮ್ರಾಜ್ಯವು ಶಾಂತಿಯನ್ನು ತಂದಿತು, ರಸ್ತೆಗಳನ್ನು ನಿರ್ಮಿಸಿತು, ನ್ಯಾಯಶಾಸ್ತ್ರವನ್ನು ಬೆಳೆಸಿತು ಎಂದು ವಾದಿಸುವವರುಂಟು. ಈ ಮಾತು ಸುಳ್ಳಲ್ಲ. ಒಂದು ನಗರಕ್ಕೆ ಹೊಂದುವ ಆಡಳಿತ ಅಷ್ಟು ವಿಶಾಲವಾದ ರಾಜ್ಯಕ್ಕೆ ಸಾಲದೆಂಬುದೂ ಸರಿಯೇ. ಆದರೆ ಸಾಲದ ವ್ಯವಸ್ಥೆಯನ್ನು ತಿದ್ದಲು ರೋಮಿಗೆ ಅವಕಾಶವಿತ್ತು. ತಿದ್ದಹೊರಟವರನ್ನು ಅದು ಕೊಂದಿತು. ಶಾಂತಿಗಾಗಿ ಜನರು ತೆತ್ತ ಬೆಲೆ ತಮ್ಮನ್ನು ತಾವೇ ಆಳಿಕೊಳ್ಳುವ ಹಕ್ಕು.

ಯುದ್ಧ ಮುಗಿದಾಗ ಸಿನ್ಸಿನಾಟಸನಿಗೆ ಹಿಂದಿರುಗಲು ಹೊಲವಿತ್ತು. ಸುಲ್ಲಾನ ಸೈನಿಕರಲ್ಲಿ ಅನೇಕರಿಗೆ ಇರಲಿಲ್ಲ. ಗಣರಾಜ್ಯದ ಏಳುಬೀಳಿನ ಮರ್ಮ ಈ ಒಂದು ವ್ಯತ್ಯಾಸದಲ್ಲಿದೆ. ರಾಜ್ಯವು ತನ್ನ ರಕ್ಷಕರಿಗೆ ಕಾಯಲು ಏನನ್ನೂ ಉಳಿಸದಿದ್ದರೆ ಅವರು ರಾಜ್ಯವನ್ನು ಕಾಯುವುದಿಲ್ಲ. ಗಡಿಗಳು ಎಷ್ಟು ದೂರ ಹಬ್ಬಿವೆ ಎಂಬುದಲ್ಲ, ಆ ಗಡಿಗಳ ಒಳಗೆ ಸಾಮಾನ್ಯನ ಹೊಲವೂ ಹಕ್ಕೂ ಭದ್ರವಾಗಿವೆಯೇ ಎಂಬುದೇ ರಾಜ್ಯದ ನಿಜವಾದ ಬಲವನ್ನು ಅಳೆಯುವ ಕೋಲು.